ಮೊದಲು ಬರೇ ನೀರು

ಪಿಎಚ್.ಡಿ.ಗೆಂದು ಮುಂಬೈಗೆ ಬಂದ ನಾನು ಮೊದಲ ಎರಡು ವರ್ಷ ಇದ್ದದ್ದು ಮಾಟುಂಗದಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಫೋರ್ಟಿನಲ್ಲಿ ಅವರದೊಂದು ಸಣ್ಣ ಉಡುಪಿ ಹೋಟೆಲು. ರಾತ್ರಿ ಲ್ಯಾಬಿನಿಂದ ಸೀದಾ ಅಲ್ಲಿಗೆ ಹೋಗಿ, ಶಟರ್ ಎಳೆಯುವ ತನಕ ಕೂತು, ಇಬ್ಬರೂ ಒಟ್ಟಿಗೆ ಲೋಕಲ್ ಹಿಡಿಯುತ್ತಿದ್ದೆವು. "ಇವತ್ತು ಏನು ಮಾಡಿದಿ?" ಎಂದು ಕೇಳುತ್ತಿದ್ದರು. "ಪಾತ್ರೆ ತೊಳೆದೆ ದೊಡ್ಡಪ್ಪ." "ಅದಕ್ಕೆ ಊರಿಂದ ಇಲ್ಲಿ ತನಕ ಬರಬೇಕಿತ್ತಾ ಮಾರಾಯ? ನಮ್ಮಲ್ಲೇ ಜಾಗ ಉಂಟಲ್ಲ!"

ನಾನು ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಒಂದು ಅಣುವಿನ ಬೆಳಕನ್ನು ಹಿಡಿಯುವ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ.

ಪ್ರತಿದೀಪ್ತಿ, ಅಂದರೆ ಫ್ಲೋರೆಸೆನ್ಸ್, ಏನೆಂದು ಅವರಿಗೆ ತೋರಿಸಿದ್ದು ಅವರದೇ ಗಲ್ಲಾಪೆಟ್ಟಿಗೆಯ ಪಕ್ಕ, ಖೋಟಾ ನೋಟು ನೋಡುವ ನೇರಳೆ ದೀಪದಲ್ಲಿ. ಅದರ ಕೆಳಗೆ ಟಾನಿಕ್ ವಾಟರ್ ಬಾಟಲಿ ಹಿಡಿದರೆ ನೀರು ತಿಳಿನೀಲಿಯಾಗಿ ಹೊಳೆಯುತ್ತದೆ. ಅದರಲ್ಲಿರುವ ಕ್ವಿನೈನ್ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ನುಂಗಿ, ಸ್ವಲ್ಪ ಶಕ್ತಿ ಕಳೆದುಕೊಂಡು, ಕಾಣುವ ನೀಲಿಯನ್ನು ಉಗುಳುತ್ತದೆ. ಈ ವಿದ್ಯಮಾನಕ್ಕೆ 1852ರಲ್ಲಿ ಹೆಸರಿಟ್ಟ ಸ್ಟೋಕ್ಸ್ ಕೂಡ ಕ್ವಿನೈನ್ ದ್ರಾವಣವನ್ನೇ ನೋಡಿದ್ದರು. ನುಂಗುವುದಕ್ಕೂ ಉಗುಳುವುದಕ್ಕೂ ನಡುವಿನ ಹೊತ್ತು ಸಾಮಾನ್ಯವಾಗಿ ಕೆಲವು ನ್ಯಾನೋಸೆಕೆಂಡು. ಅಷ್ಟರಲ್ಲಿ ಅಣುವಿನ ಸುತ್ತ ಏನಾಯಿತೋ ಅದರ ಸುದ್ದಿ ಬೆಳಕಿನ ಬಣ್ಣದಲ್ಲಿ ಬರುತ್ತದೆ. ನನ್ನ ವೃತ್ತಿಯೆಂದರೆ ಆ ಸುದ್ದಿ ಓದುವುದು.

ಮೊದಲ ವರ್ಷವೇ ತಪ್ಪು ಓದಿದೆ. ಪ್ರೋಟೀನುಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ತಾನಾಗಿಯೇ ಹೊಳೆಯುತ್ತದೆ. ನೀರಿಗೆ ತೆರೆದುಕೊಂಡಿದ್ದರೆ ಅದರ ಬೆಳಕಿನ ಶಿಖರ, ಅಂದರೆ ಅತಿ ಹೆಚ್ಚು ಹೊಳೆಯುವ ತರಂಗಾಂತರ, ಸುಮಾರು 350 ನ್ಯಾನೋಮೀಟರಿನಲ್ಲಿ. ಪ್ರೋಟೀನಿನ ಎಣ್ಣೆಯಂಥ ಒಳಗರ್ಭದಲ್ಲಿ ಹುದುಗಿದ್ದರೆ ಕೆಳಗೆ ಜಾರುತ್ತದೆ. ಅಜುರಿನ್ ಎಂಬ ಪ್ರೋಟೀನಿನಲ್ಲಿ 308ರ ತನಕ. ನಾನು ಬಹಳ ತೆಳು ಮಾಡಿದ ಮಾದರಿಯನ್ನು 280ರಲ್ಲಿ ಬೆಳಗಿಸಿ ನೋಡಿದಾಗ 310ರಲ್ಲಿ ಚೂಪಾದ ಶಿಖರ! ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಮಾರ್ಗದರ್ಶಕರು ಕಾಗದ ನೋಡಿ, "ಬೆಳಗಿಸುವ ತರಂಗಾಂತರ 290 ಮಾಡಿ ಬಾ" ಅಂದರು, ಅಷ್ಟೇ. ಮಾಡಿದೆ. ಶಿಖರ 322ಕ್ಕೆ ಓಡಿತ್ತು. ಪ್ರತಿದೀಪ್ತಿಯ ಶಿಖರ ಹಾಗೆ ಹಿಂಬಾಲಿಸಿಕೊಂಡು ಓಡುವುದಿಲ್ಲ. ಅದು ನೀರಿನದೇ ರಾಮನ್ ಚದುರಿಕೆ: ನೀರಿಗೆ ಬಡಿದ ಬೆಳಕು ಒಂದು ನಿಗದಿತ ಪಾಲು ಶಕ್ತಿ ಕಳೆದುಕೊಂಡು ಚದುರುವುದು. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡದ್ದನ್ನು ನಾನು ಹೊಸ ಪ್ರೋಟೀನ್ ರಚನೆ ಎಂದುಕೊಂಡಿದ್ದೆ! ಬರೇ ನೀರನ್ನು ಮೊದಲು ಅಳೆದಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಅಂದಿನಿಂದ ಒಂದು ದಪ್ಪ ಲೆಡ್ಜರ್ ಇಟ್ಟಿದ್ದೇನೆ. ಹೋಟೆಲಿನಿಂದಲೇ ತಂದದ್ದು. ಬೆಳಿಗ್ಗೆ ಮೊದಲು ಬರೇ ನೀರು, ಆಮೇಲೆ ಬರೇ ಬಫರ್ (ಪ್ರೋಟೀನು ಕರಗಿಸುವ ದ್ರಾವಣ), ಎರಡರಿಂದಲೂ ಬಂದ ಬೆಳಕಿನ ಕಣಗಳ ಎಣಿಕೆಯನ್ನು ಕೈಯಲ್ಲೇ ಬರೆಯುವುದು. ಮಾದರಿಯ ಸರದಿ ಅದಾದ ಮೇಲೆ.

ಮೂರನೆಯ ವರ್ಷ ಕಾನ್‌ಫೋಕಲ್ ಸೂಕ್ಷ್ಮದರ್ಶಕವನ್ನು ನಾವೇ ಕಟ್ಟಿದೆವು. ಕೊಳ್ಳಲು ದುಡ್ಡಿರಲಿಲ್ಲ ಎಂಬುದು ನಿಜವಾದ ಕಾರಣ. ಕಲಿಯಲಿಕ್ಕಾಗಿ ಎಂಬುದು ಅರ್ಜಿಯಲ್ಲಿ ಬರೆದದ್ದು. ಹಸಿರು ಲೇಸರನ್ನು ಒಂದು ಚುಕ್ಕೆಗೆ ಕೂಡಿಸಿ, ಆ ಚುಕ್ಕೆಯಿಂದ ಬಂದ ಬೆಳಕನ್ನು ಮಾತ್ರ ಸೂಜಿರಂಧ್ರದ ಮೂಲಕ ಡಿಟೆಕ್ಟರಿಗೆ ಬಿಡುವುದು. ಚುಕ್ಕೆಯ ಗಾತ್ರ ಸುಮಾರು ಒಂದು ಫೆಮ್ಟೋಲೀಟರ್, ಲೀಟರನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು. ಒಂದು ನ್ಯಾನೋಮೋಲಾರ್‌ನಷ್ಟು ತೆಳು ದ್ರಾವಣದಲ್ಲಿ ಅಷ್ಟು ಜಾಗದಲ್ಲಿ ಸರಾಸರಿ 0.6 ಅಣು ಇರುತ್ತದೆ. ಅಂದರೆ ಹೆಚ್ಚಿನ ಹೊತ್ತು ಯಾರೂ ಇಲ್ಲ, ಆಗೊಬ್ಬ ಈಗೊಬ್ಬ ಹಾದುಹೋಗುತ್ತಾನೆ. ರೋಡಮಿನ್‌ನಂಥ ಸಣ್ಣ ಬಣ್ಣದಣು ಅದನ್ನು ದಾಟಲು ಕೆಲವು ಹತ್ತು ಮೈಕ್ರೋಸೆಕೆಂಡು ಸಾಕು. ಪ್ರೋಟೀನಿನ ಗಂಟು ನಿಧಾನಕ್ಕೆ ದಾಟುತ್ತದೆ. ಬೆಳಕಿನ ಈ ಏರಿಳಿತದಿಂದಲೇ ಗಾತ್ರವನ್ನು ಲೆಕ್ಕಹಾಕುವ ಉಪಾಯವನ್ನು 1972ರಲ್ಲಿ ಮ್ಯಾಗ್ಡಿ, ಎಲ್ಸನ್, ವೆಬ್ ಕೊಟ್ಟರು. ಕನ್ನಡಿ, ರಂಧ್ರ, ಮಸೂರ ಒಂದೇ ಗೆರೆಗೆ ಬರಲು ನಮಗೆ ಎರಡು ತಿಂಗಳು ಹಿಡಿಯಿತು. ಆ ತಿಂಗಳುಗಳ ಬಗ್ಗೆ ಹೇಳಲು ಏನೂ ಇಲ್ಲ, ಬೆನ್ನು ನೋವು ಬಿಟ್ಟರೆ.

ಹೇಳಬೇಕಾದದ್ದು ಹೋಳಿಯ ಕಥೆ. ಆ ವರ್ಷ ಮಾರ್ಚಿನಲ್ಲಿ ಬರೇ ನೀರಿನಲ್ಲಿ ಅಣುಗಳು ಕಾಣಿಸತೊಡಗಿದವು. ಲೆಡ್ಜರಿನಲ್ಲಿ ದಿನವೂ ಸೆಕೆಂಡಿಗೆ ಮುನ್ನೂರರ ಆಸುಪಾಸು ಇದ್ದ ಎಣಿಕೆ ಒಮ್ಮೆಲೇ ಸಾವಿರಗಳಿಗೆ ಹಾರಿತ್ತು, ನಡುನಡುವೆ ಮೊಳೆ ಹೊಡೆದಂಥ ಚೂಪು ಮಿನುಗುಗಳು. ಫಿಲ್ಟರ್ ಬದಲಿಸಿದೆ, ನೀರಿನ ಕ್ಯಾನ್ ಬದಲಿಸಿದೆ, ಪಿಪೆಟ್ ತುದಿಗಳ ಹೊಸ ಡಬ್ಬಿ ಒಡೆದೆ. ಐದನೆಯ ದಿನ ರಾತ್ರಿ ದೀಪ ಆರಿಸಿ ಹಸಿರು ಲೇಸರ್ ಟಾರ್ಚನ್ನು ಕಿತ್ತಳೆ ಕನ್ನಡಕದಿಂದ ನೋಡುತ್ತ ಕೋಣೆಯೆಲ್ಲ ಹಾಯಿಸಿದೆ. ಬಾಗಿಲ ಹಿಡಿ ಹೊಳೆಯಿತು. ನಲ್ಲಿ ಹೊಳೆಯಿತು. ನನ್ನ ಕುರ್ಚಿಯ ತೋಳೂ ಹೊಳೆಯಿತು. ಗುಲಾಬಿ ಪುಡಿ! ನಾನೇ ಮಾಟುಂಗದ ಬಿಲ್ಡಿಂಗಿನ ಅಂಗಳದಲ್ಲಿ ಮಕ್ಕಳ ಜೊತೆ ಆಡಿ, ಮೂರು ಸಲ ಸ್ನಾನ ಮಾಡಿ ಬಂದಿದ್ದೆ. ಅಗ್ಗದ ಬಣ್ಣಗಳಲ್ಲಿ ರೋಡಮಿನ್ ಬಿ ಇರುವುದುಂಟು. ಬಾಂಬೆ ಮಿಠಾಯಿಗೂ ಅದನ್ನೇ ಹಾಕುತ್ತಾರೆಂದು 2024ರಲ್ಲಿ ಕರ್ನಾಟಕ ಸರ್ಕಾರ ನಿಷೇಧ ಹೇರಿತಲ್ಲ, ಅದೇ. ನಮ್ಮ ಹಸಿರು ಲೇಸರಿಗೆ ಅದಕ್ಕಿಂತ ಒಳ್ಳೆಯ ಗುರಿ ಇಲ್ಲ. ಈಗ ನನ್ನ ವಿದ್ಯಾರ್ಥಿಗಳಿಗೆ ಹೋಳಿಯಾದ ಮೇಲೆ ಒಂದು ವಾರ ಬರವಣಿಗೆಯ ರಜೆ. ಅವರು ಬರೆಯುವುದಿಲ್ಲ, ಅದು ಬೇರೆ ಮಾತು.

ಮಳೆಗಾಲದ ಶತ್ರು ಬೇರೆ. ಕೊಲಾಬಾದ ಉಪ್ಪುಗಾಳಿಯಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಎ.ಸಿ. ಆರಿದರೆ ಗಂಟೆಯೊಳಗೆ ಲೇಸರಿನ ಗೆರೆ ಸರಿಯುತ್ತದೆ. ಸಿಲಿಕಾ ಜೆಲ್ ಡಬ್ಬಿಗಳನ್ನು ಒಲೆಯಲ್ಲಿ ಹುರಿದು ಮತ್ತೆ ತುಂಬುವುದು ಜೂನಿನಿಂದ ಸೆಪ್ಟೆಂಬರ್ ತನಕದ ವಾರದ ವ್ರತ. ಕವರ್‌ಸ್ಲಿಪ್ ಗಾಜನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿಟ್ಟು ಸೋನಿಕೇಟರಿನಲ್ಲಿ ಅಲುಗಿಸಿ, ಹತ್ತು ಸಲ ನೀರಲ್ಲಿ ಜಾಲಾಡುತ್ತೇನೆ. ಹೊಸಬರಿಗೆ ಇನ್ನೊಂದು ಮಾತು: ಹತ್ತು ನ್ಯಾನೋಮೋಲಾರ್ ಪ್ರೋಟೀನ್ ಟ್ಯೂಬಿನಲ್ಲಿ ಗಂಟೆ ಕೂತರೆ ಅದರಲ್ಲಿ ಬಹುಪಾಲು ಗೋಡೆಗೆ ಅಂಟಿರಬಹುದು. ಲೆಕ್ಕ ಮಾತ್ರ ಕಾಗದದಲ್ಲಿ ಹತ್ತೇ ಇರುತ್ತದೆ. ಮೇಲ್ಮೈಗೆ ಪೆಗ್ (ಪ್ರೋಟೀನ್ ಅಂಟದಂತೆ ತಡೆಯುವ ಪಾಲಿಎಥಿಲೀನ್ ಗ್ಲೈಕಾಲ್) ಲೇಪಿಸಿ, ಮಾದರಿಯನ್ನು ಕೊನೆಯ ಕ್ಷಣಕ್ಕೆ ತೆಳು ಮಾಡಿ.

ಇಷ್ಟೆಲ್ಲ ಮಾಡಿದ್ದು ಆಲ್ಝೈಮರ್ ಕಾಯಿಲೆಯ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕುಗಳು ಎಷ್ಟೆಷ್ಟರ ಗುಂಪಾಗಿ ಕೂಡುತ್ತವೆ ಎಂದು ಎಣಿಸಲಿಕ್ಕೆ. ಪ್ರತಿ ತುಣುಕಿಗೂ ಒಂದು ಬಣ್ಣದಣು ಅಂಟಿಸಿ, ಗಾಜಿನ ಮೇಲೆ ಕೂರಿಸಿ, ಲೇಸರ್ ಬೆಳಕಿನಲ್ಲಿ ಸುಟ್ಟುಹೋಗುವ ತನಕ ಕಾಯುವುದು. ದೀಪೋತ್ಸವದ ಹಣತೆಗಳು ಒಂದೊಂದಾಗಿ ಆರುವ ಹಾಗೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೆಟ್ಟಿಲೆಷ್ಟೋ ಅಣುಗಳಷ್ಟು ಅನ್ನಬೇಕು. ಆದರೆ ನೂರಕ್ಕೆ ಎಂಬತ್ತು ತುಣುಕಿಗೆ ಮಾತ್ರ ಬಣ್ಣ ಅಂಟಿದ್ದರೆ, ಜೋಡಿಗಳಲ್ಲಿ ಎರಡು ಮೆಟ್ಟಿಲು ತೋರಿಸುವುದು ನೂರಕ್ಕೆ 64 ಮಾತ್ರ. 32 ಒಂಟಿಯಂತೆ ಕಾಣುತ್ತವೆ, 4 ಕಾಣುವುದೇ ಇಲ್ಲ. ಕೆಲವು ಅಣುಗಳು ಆರಿದಂತೆ ನಟಿಸಿ ಮತ್ತೆ ಹತ್ತಿಕೊಳ್ಳುತ್ತವೆ. ಐದಾರು ದಾಟಿದರೆ ನಾನು ಎಣಿಕೆಯನ್ನು ನಂಬುವುದಿಲ್ಲ.

ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ದೊಡ್ಡಪ್ಪ ಒಮ್ಮೆ ಲ್ಯಾಬಿಗೆ ಬಂದರು. ಕತ್ತಲೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ಪರದೆಯಲ್ಲಿ ಒಂದು ಗುಂಪು ಆರುವುದನ್ನು ತೋರಿಸಿದೆ. "ಐದು" ಅಂದೆ. ಅವರು ಬಿಲ್ ಕೂಡಿಸುವವರ ಹಾಗೆ ಪರದೆಯ ಮೇಲೆ ಬೆರಳಿಟ್ಟು ಮೇಲಿನಿಂದ ಎಣಿಸಿದರು. "ನಾಲ್ಕು." ನಾನು ದೊಡ್ಡದು ಮಾಡಿ ತೋರಿಸಿದೆ. ಮತ್ತೆ ಎಣಿಸಿದರು. "ನಾಲ್ಕೇ ಮಾರಾಯ. ಇದು ಒಮ್ಮೆ ಆರಿ ಪುನಃ ಹತ್ತಿದ್ದು." ಆ ಕಡತ ಇನ್ನೂ 'ಸಂಶಯ' ಎಂಬ ಫೋಲ್ಡರಿನಲ್ಲಿದೆ.