‘ಓಡ್ ಟು ಮೈ ಫಾದರ್’ ನೋಡೋಕೆ ಕೂರುವ ಮುಂಚೆ

ಅಳಿಸುವ ಕೊರಿಯನ್ ಫ್ಯಾಮಿಲಿ ಸಿನಿಮಾ ಒಂದೇ ಒಂದು ಹೇಳಿ ಅಂದರೆ ನಾನು ಹೇಳುವುದು 2014ರ ‘ಓಡ್ ಟು ಮೈ ಫಾದರ್’. ನಿರ್ದೇಶಕ ಯೂನ್ ಜೆ-ಕ್ಯೂನ್, ಹೀರೋ ಹ್ವಾಂಗ್ ಜಂಗ್-ಮಿನ್. ಸುಮಾರು 5 ಕೋಟಿ ಜನರ ದೇಶದಲ್ಲಿ 1.4 ಕೋಟಿಗೂ ಜಾಸ್ತಿ ಟಿಕೆಟ್ ಮಾರಾಟವಾದ ಸಿನಿಮಾ ಇದು. ಆದರೆ ಸುಮ್ನೆ ಆನ್ ಮಾಡಿ ಕೂತರೆ ಅರ್ಧ ಕಳೆದುಕೊಳ್ಳುತ್ತೀರಿ.

ಯಾಕಂದರೆ ಇದು ಯಾವುದನ್ನೂ ನಿಂತು ವಿವರಿಸುವುದಿಲ್ಲ. ಕೊರಿಯಾದವರಿಗೆ ಇದೆಲ್ಲ ಮನೆಯ ಹಿರಿಯರ ಬಾಯಲ್ಲಿ ಕೇಳಿದ ಕಥೆ. ನಮಗೆ ಅಲ್ಲ. ಹಾಗಾಗಿ ಸ್ವಲ್ಪ ಇತಿಹಾಸ ತಿಳಿದುಕೊಂಡು ಕೂರಿ.

ಮೊದಲನೆಯದು ಹಂಗ್ನಾಮ್ ಬಂದರು, ಡಿಸೆಂಬರ್ 1950. ಕೊರಿಯಾ ಯುದ್ಧದಲ್ಲಿ ಚೀನಾದ ಸೈನ್ಯ ನುಗ್ಗಿ ಬಂದಾಗ, ಉತ್ತರ ಕೊರಿಯಾದ ಈ ಬಂದರಿನಿಂದ ಅಮೆರಿಕದ ಸೈನ್ಯ ಹಡಗಿನಲ್ಲಿ ವಾಪಸ್ ಹೊರಟಿತು, ಜೊತೆಗೆ ಸಾವಿರಾರು ಜನ ಸಾಮಾನ್ಯರೂ ಹೊರಟರು. ಮೆರೆಡಿತ್ ವಿಕ್ಟರಿ ಅನ್ನುವ ಒಂದೇ ಸರಕು ಹಡಗು ಸುಮಾರು 14,000 ಜನರನ್ನು ತುಂಬಿಕೊಂಡು ಬಂದಿತ್ತು. ಸಿನಿಮಾದಲ್ಲಿ ಹುಡುಗ ಡಕ್-ಸು ಪುಟ್ಟ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಹಡಗು ಹತ್ತುವುದು ಇಲ್ಲೇ. ತಂಗಿ ಕೈತಪ್ಪುತ್ತಾಳೆ. ಅವಳನ್ನು ಹುಡುಕಲು ಅಪ್ಪ ಕೆಳಗಿಳಿಯುತ್ತಾನೆ, ಇಳಿಯುವ ಮುಂಚೆ ಇನ್ನು ಮನೆಯ ಯಜಮಾನ ನೀನೇ ಅಂತ ಮಗನಿಗೆ ಹೇಳಿ ಹೋಗುತ್ತಾನೆ. ಈ ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಆಮೇಲೆ ಅವನು ಮಾಡುವುದೆಲ್ಲ ಇದೊಂದು ಮಾತಿಗಾಗಿ.

ಎರಡನೆಯದು ಜರ್ಮನಿ. 1963ರಿಂದ ದಕ್ಷಿಣ ಕೊರಿಯಾ ತನ್ನ ಹುಡುಗರನ್ನು ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಳಿಗೆ ಕಳಿಸಿತು, ಹೆಣ್ಣುಮಕ್ಕಳು ನರ್ಸ್ ಆಗಿ ಹೋದರು. ದುಡಿದ ದುಡ್ಡು ಊರಿಗೆ. ಡಕ್-ಸು ಹೋಗುವುದು ತಮ್ಮನ ಕಾಲೇಜು ಫೀಸಿಗೆ. ಗಲ್ಫ್‌ಗೆ ಹೋದವರು ಇರುವ ನಮ್ಮ ಕರಾವಳಿಯ ಮನೆಗಳಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಡಕ್-ಸು ವಿಯೆಟ್ನಾಂಗೆ ಹೋಗುವ ಭಾಗಕ್ಕೆ ತಯಾರಿ ಬೇಡ, ತಾನಾಗಿ ಅರ್ಥವಾಗುತ್ತದೆ.

ಮುಖ್ಯವಾದದ್ದು 1983. ಯುದ್ಧದಲ್ಲಿ ಬೇರೆಯಾದ ಮನೆಯವರನ್ನು ಹುಡುಕಲು ಕೆಬಿಎಸ್ ಟೀವಿ ಆ ವರ್ಷ ಜೂನ್ 30ರಂದು ಒಂದು ನೇರ ಪ್ರಸಾರ ಶುರು ಮಾಡಿತು. ಒಂದು ರಾತ್ರಿಯ ಕಾರ್ಯಕ್ರಮ ಅಂದುಕೊಂಡಿದ್ದು 138 ದಿನ ನಡೆಯಿತು. ಕಳೆದುಹೋದವರ ಹೆಸರು, ಊರು, ಮೈಮೇಲಿನ ಗಾಯದ ಗುರುತು ಎಲ್ಲವನ್ನೂ ಕಾಗದದ ಮೇಲೆ ಬರೆದು, ಜನ ಕೆಬಿಎಸ್ ಕಟ್ಟಡದ ಗೋಡೆ ತುಂಬಾ ಅಂಟಿಸಿದರು. 10,000ಕ್ಕೂ ಹೆಚ್ಚು ಕುಟುಂಬಗಳು ಒಂದಾದವು. ಇದು ನಿಜವಾಗಿ ನಡೆದದ್ದು ಅಂತ ಗೊತ್ತಿದ್ದು ಸಿನಿಮಾದಲ್ಲಿ ಈ ಪ್ರಸಾರದ ದೃಶ್ಯ ನೋಡುವುದೇ ಬೇರೆ.

ಇನ್ನು ನೋಡುವ ರೀತಿ. ಡಬ್ಬಿಂಗ್ ಬೇಡ, ಸಬ್‌ಟೈಟಲ್ ಹಾಕಿ, ಹ್ವಾಂಗ್ ಜಂಗ್-ಮಿನ್ ದನಿಯಲ್ಲೇ ಅರ್ಧ ಅಭಿನಯ ಇದೆ. ಅಪ್ಪ ಅಮ್ಮನ ಜೊತೆ ನೋಡುತ್ತಿದ್ದರೆ, ಅವರಿಗೆ ಓದುವುದು ಕಷ್ಟವಾದರೆ, ನಡುನಡುವೆ ನಿಲ್ಲಿಸಿ ಹೇಳಿ, ಏನೂ ಕೆಡುವುದಿಲ್ಲ. ಶುರುವಿನಲ್ಲಿ ಮುದುಕ ಡಕ್-ಸು ಎಲ್ಲರ ಮೇಲೂ ರೇಗುತ್ತಾನೆ, ಬುಸಾನ್‌ನ ಗುಕ್ಜೆ ಮಾರ್ಕೆಟ್ಟಿನ ಹಳೇ ಅಂಗಡಿಯನ್ನು ಯಾರು ಹೇಳಿದರೂ ಮಾರುವುದಿಲ್ಲ. ಈ ಮುದುಕನ ಹಟ ಯಾಕೆ ಅಂತ ಬೇಜಾರಾಗಿ ಎದ್ದು ಹೋಗಬೇಡಿ. ಆ ‘ಯಾಕೆ’ಗೆ ಉತ್ತರವೇ ಸಿನಿಮಾ. ಅವನ ಗೆಳೆಯ ಡಾಲ್-ಗು ಮಾಡುವ ತಮಾಷೆ ಕೆಲವು ಕಡೆ ಜಾಸ್ತಿ ಅನ್ನಿಸುತ್ತದೆ, ನನಗೂ ಅನ್ನಿಸಿತು, ಆದರೆ ಆ ನಗು ಇಲ್ಲದಿದ್ದರೆ ಎರಡು ಗಂಟೆ ಕೂರುವುದು ಕಷ್ಟ ಅಲ್ವಾ?

ಆ ಕಾಲದ ದಕ್ಷಿಣ ಕೊರಿಯಾದ ಸರ್ವಾಧಿಕಾರದ ಬಗ್ಗೆ ಸಿನಿಮಾ ಹೆಚ್ಚುಕಡಿಮೆ ಏನೂ ಹೇಳುವುದಿಲ್ಲ. ಅದು ಕೊರತೆಯೇ. ದೇಶದ ಪೂರ್ತಿ ಚರಿತ್ರೆ ಇದರಲ್ಲಿ ಹುಡುಕಬೇಡಿ, ಒಬ್ಬ ಹಿರಿಯ ಮಗನನ್ನು ನೋಡಿ. ಹಡಗಿನ ಕ್ಯಾಪ್ಟನ್ ಆಗಬೇಕು ಅನ್ನುವ ಅವನ ಆಸೆ ಪ್ರತಿ ಸಲ ಹೇಗೆ ಹಿಂದಕ್ಕೆ ಸರಿಯುತ್ತದೆ ಅನ್ನುವುದರ ಮೇಲೆ ಕಣ್ಣಿಡಿ. ಅಳು ಬಂದರೆ ಅಳಿ, ಪಕ್ಕದಲ್ಲಿ ಮಕ್ಕಳಿದ್ದರೂ ಪರವಾಗಿಲ್ಲ.

ಸಲ್ಮಾನ್ ಖಾನ್ ಅವರ ‘ಭಾರತ್’ (2019) ಇದರದ್ದೇ ರೀಮೇಕ್, ಅಲ್ಲಿ ಹಂಗ್ನಾಮ್ ಜಾಗಕ್ಕೆ ದೇಶ ವಿಭಜನೆ ಬಂದಿದೆ. ಎರಡನ್ನೂ ನೋಡಿಲ್ಲದಿದ್ದರೆ ಕೊರಿಯಾದ್ದನ್ನೇ ಮೊದಲು ನೋಡಿ.