ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಿದ್ದೀರಾ? ಸೆಕ್ಷನ್ 20 ಪತ್ರವನ್ನು ಎತ್ತಿಡಬೇಡಿ

ಡಿಪಾಸಿಟ್, ಕೌನ್ಸಿಲ್ ಟ್ಯಾಕ್ಸ್, ವಿಮೆ ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ನಾನು ಬರೆಯುತ್ತಿರುವುದು ಒಂದೇ ಒಂದು ಪತ್ರದ ಬಗ್ಗೆ: ಕಟ್ಟಡದ ದೊಡ್ಡ ರಿಪೇರಿಗೆ ಮುಂಚೆ ಬರುವ ಸೆಕ್ಷನ್ 20 ಪತ್ರ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಬಂದು ಇಲ್ಲಿ ಫ್ಲ್ಯಾಟ್ ಕೊಂಡವರು ಒಬ್ಬರಾದ ಮೇಲೆ ಒಬ್ಬರು ಇದರಲ್ಲೇ ದುಡ್ಡು ಕಳೆದುಕೊಳ್ಳುತ್ತಿದ್ದಾರೆ.

ಊರಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದು ಯಾವಾಗ, ಯಾರನ್ನು ಕರೆಯುವುದು, ಎಲ್ಲ ಮನೆಯವರದೇ ತೀರ್ಮಾನ ಅಲ್ವಾ? ಇಲ್ಲಿ ಹೆಚ್ಚಿನ ಫ್ಲ್ಯಾಟುಗಳು ಲೀಸ್‌ಹೋಲ್ಡ್. ಎಷ್ಟೇ ಪೌಂಡ್ ಸುರಿದಿದ್ದರೂ ಕಾನೂನಿನ ಲೆಕ್ಕದಲ್ಲಿ ನೀವು ದೀರ್ಘಾವಧಿಯ ಬಾಡಿಗೆದಾರರು. ಚಾವಣಿ, ಮೆಟ್ಟಿಲು, ಲಿಫ್ಟ್ ಸಾಮಾನ್ಯವಾಗಿ ಫ್ರೀಹೋಲ್ಡರ್, ಅಂದರೆ ಕಟ್ಟಡದ ಮೂಲ ಮಾಲೀಕರ ಕೈಯಲ್ಲಿ. ರಿಪೇರಿ ಮಾಡಿಸುವವರು ಅವರು, ಅದರ ಖರ್ಚಿಗೆ ಸರ್ವಿಸ್ ಚಾರ್ಜ್ ಕಟ್ಟುವವರು ನೀವು.

ಆದರೆ ದೊಡ್ಡ ಕೆಲಸವನ್ನು ನಿಮ್ಮನ್ನು ಕೇಳದೆ ಮಾಡಿಸುವ ಹಾಗಿಲ್ಲ. ಮಾಲೀಕ-ಬಾಡಿಗೆದಾರರ ಕುರಿತ 1985ರ ಕಾನೂನಿನ 20ನೇ ಸೆಕ್ಷನ್ ಪ್ರಕಾರ, ಯಾವುದೇ ಒಂದು ಫ್ಲ್ಯಾಟಿನ ಪಾಲು 250 ಪೌಂಡ್ ದಾಟುವುದಾದರೆ ಮೊದಲು ಪತ್ರ ಬರೆದು ಅಭಿಪ್ರಾಯ ಕೇಳಬೇಕು. ಯಾವ ಕೆಲಸ, ಏಕೆ ಬೇಕು ಅಂತ ಅದರಲ್ಲಿರುತ್ತದೆ. ಉತ್ತರಕ್ಕೆ 30 ದಿನ. ಎಸ್ಟಿಮೇಟ್ ಯಾರಿಂದ ತರಿಸಬೇಕು ಅಂತ ಒಬ್ಬ ಕಂಟ್ರಾಕ್ಟರ್ ಹೆಸರನ್ನು ನೀವೂ ಆಗ ಸೂಚಿಸಬಹುದು. ಆಮೇಲೆ ಕನಿಷ್ಠ ಎರಡು ಎಸ್ಟಿಮೇಟುಗಳ ವಿವರ ಬರುತ್ತದೆ, ಮತ್ತೆ 30 ದಿನ.

ಶಿರಸಿಯ ಒಂದು ಕುಟುಂಬ ಮಾರಿಕಾಂಬಾ ಜಾತ್ರೆಗೆಂದು ಊರಿಗೆ ಹೋಗಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡಲಾಗುತ್ತದಾ? ನೆಂಟರ ಮನೆ, ಗೋಕರ್ಣ ಅಂತ ತಿಂಗಳು ದಾಟಿತು. ವಾಪಸ್ ಬಂದು ಬಾಗಿಲು ತೆಗೆದರೆ ಪಿಜ್ಜಾ ಅಂಗಡಿಯ ಕಾಗದಗಳ ನಡುವೆ ಆ ಮೊದಲ ಪತ್ರ. ಗಡುವು ಮುಗಿದಿತ್ತು. ಎರಡನೇ ಪತ್ರ ಬಂದಾಗಲಾದರೂ ಬರೆಯಬಹುದಿತ್ತು. ‘ನಾವೊಬ್ಬರು ಹೇಳಿದರೆ ಯಾರು ಕೇಳುತ್ತಾರೆ’ ಅಂತ ಸುಮ್ನೆ ಫೈಲಿಗೆ ಸೇರಿಸಿಬಿಟ್ಟರು. ಸೋರುತ್ತಿದ್ದದ್ದು ಒಂದು ಮೂಲೆ, ಬದಲಾದದ್ದು ಇಡೀ ಚಾವಣಿ. ಅವರ ಪಾಲಿಗೆ ಬಂದ ಬಿಲ್ಲು ಮೂರು ಸಾವಿರ ಪೌಂಡಿಗೂ ಜಾಸ್ತಿ.

ದಯವಿಟ್ಟು ಹೀಗೆ ಬಿಡಬೇಡಿ. ಊರಿಗೆ ಹೊರಡುವ ಮುಂಚೆ ಅಂಚೆ ನೋಡಲು ಪಕ್ಕದವರಿಗೆ ಹೇಳಿ, ಪತ್ರದ ಪ್ರತಿಯನ್ನು ಇಮೇಲಿಗೂ ಕಳಿಸುವಂತೆ ಫ್ರೀಹೋಲ್ಡರ್ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟರನ್ನು ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ: ರಿಪೇರಿ ಸಾಲದೇ, ಈಗಲೇ ಏಕೆ, ಪರೀಕ್ಷಿಸಿದವರ ವರದಿ ಎಲ್ಲಿ? ನೀವು ಬೇಡ ಅಂದ ಮಾತ್ರಕ್ಕೆ ಕೆಲಸ ನಿಲ್ಲುವುದಿಲ್ಲ. ಆದರೆ ನಿಮ್ಮ ಮಾತನ್ನು ಅವರು ಪರಿಗಣಿಸಲೇಬೇಕು, ಮುಂದೆ ಇಂಥ ತಕರಾರು ಕೇಳುವ ಟ್ರಿಬ್ಯೂನಲ್‌ಗೆ ಹೋದರೆ ಆ ಪತ್ರವೇ ನಿಮಗೆ ಆಧಾರ. ಕೇಳದೆಯೇ ಕೆಲಸ ಮಾಡಿಸಿದ್ದರೆ, ಟ್ರಿಬ್ಯೂನಲ್ ವಿನಾಯಿತಿ ಕೊಡದ ಹೊರತು, ಆ ಕೆಲಸಕ್ಕೆ ನಿಮ್ಮಿಂದ 250 ಪೌಂಡಿಗಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. ಸಿಟ್ಟಿನಲ್ಲಿ ಸರ್ವಿಸ್ ಚಾರ್ಜನ್ನೇ ನಿಲ್ಲಿಸಬೇಡಿ. ಲೀಸ್‌ಗೇ ಕುತ್ತು ಬಂದೀತು.

ಫ್ಲ್ಯಾಟ್ ಕೊಳ್ಳದೆ ಕೌನ್ಸಿಲ್‌ನ ಬಾಡಿಗೆ ಮನೆಯಲ್ಲಿರುವವರು ಬಾಡಿಗೆದಾರರ ಸಭೆಗೆ ಹೋಗಿ ಬನ್ನಿ. ನಿವಾಸಿಗಳ ಮಾತು ಕೇಳದಿದ್ದರೆ ಏನಾಗುತ್ತದೆ ನೋಡಿ. ಲಂಡನ್ನಿನ ಗ್ರೆನ್‌ಫೆಲ್ ಟವರ್ ನಿವಾಸಿಗಳು ಬೆಂಕಿಯ ಅಪಾಯದ ಬಗ್ಗೆ ಮೊದಲೇ ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ. 2017ರ ಜೂನ್ 14ರ ಬೆಂಕಿಗೆ 72 ಜನ ಬಲಿಯಾದರು.

ನನ್ನನ್ನು ಕೇಳಿದರೆ ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು. ನಮ್ಮಲ್ಲಿ ಅಪಾರ್ಟ್‌ಮೆಂಟಿನ ಮಾಲೀಕರ ಸಂಘವೇ ಕೂತು ತೀರ್ಮಾನಿಸುತ್ತದೆ. ಇಲ್ಲಿ ಆ ಅಧಿಕಾರ ಬೇಕೆಂದರೆ 2002ರ ಕಾನೂನು ಕೊಟ್ಟ ‘ರೈಟ್ ಟು ಮ್ಯಾನೇಜ್’ ಇದೆ. ಕಟ್ಟಡದ ಕನಿಷ್ಠ ಅರ್ಧ ಫ್ಲ್ಯಾಟಿನವರು ಸೇರಿ ಕಂಪನಿ ಮಾಡಿಕೊಂಡರೆ ನಿರ್ವಹಣೆ ನಿಮ್ಮ ಕೈಗೆ ಬರುತ್ತದೆ. ಫ್ರೀಹೋಲ್ಡರದು ತಪ್ಪು ಅಂತ ತೋರಿಸಬೇಕಾಗಿಯೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಇರುವವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಅಲ್ಲಿನ ಕಾನೂನೇ ಬೇರೆ.