ಮನೆಯಲ್ಲೇ ಜಿಮ್: ರೂಮು ಅಳೆಯುವ ಮೊದಲು ರಾಡ್ ಅಳೆಯಿರಿ

ಮನೆಯಲ್ಲೊಂದು ಜಿಮ್ ಮಾಡಬೇಕು ಅಂದುಕೊಂಡವರು ಮೊದಲು ನೋಡುವುದು ರ್ಯಾಕಿನ, ಅಂದರೆ ಭಾರ ಎತ್ತುವ ರಾಡನ್ನು ಇಡುವ ಕಂಬಗಳ ಚೌಕಟ್ಟಿನ ಅಳತೆ. 4 ಅಡಿಗೆ 4 ಅಡಿ ಅಂತ ಬರೆದಿರುತ್ತದೆ. ನಮ್ಮ ರೂಮು 10ಕ್ಕೆ 10, ಧಾರಾಳವಾಯಿತು ಅಂತ ಆರ್ಡರ್ ಮಾಡಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆ 10 ಅಡಿಯಲ್ಲಿ ವಾರ್ಡ್‌ರೋಬು 2 ಅಡಿ ನುಂಗಿದ್ದು ಮರೆತೇ ಹೋಗಿತ್ತು. ರ್ಯಾಕ್ ಚೆನ್ನಾಗಿಯೇ ಕೂತಿತು. ಅದರ ಮೇಲೆ ರಾಡ್ ಇಟ್ಟಾಗ ಮಾತ್ರ ಎರಡೂ ತುದಿಯಲ್ಲಿ ಒಂದು ಗೇಣು ಜಾಗವೂ ಉಳಿದಿರಲಿಲ್ಲ. ತೂಕದ ಪ್ಲೇಟು ಹಾಕುವುದು ಎಲ್ಲಿಂದ? ಒಂದು ಭಾನುವಾರವಿಡೀ ಬೋಲ್ಟು ಬಿಚ್ಚಿ, ರ್ಯಾಕನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿ ಜೋಡಿಸಬೇಕಾಯಿತು.

ಮೊದಲು ಒಂದು ಪಿವಿಸಿ ಪೈಪ್ ತನ್ನಿ

ಪೂರ್ತಿ ಅಳತೆಯ ಒಲಿಂಪಿಕ್ ರಾಡ್ 2.2 ಮೀಟರ್ ಉದ್ದ, ಅಂದರೆ ಹತ್ತಿರ ಹತ್ತಿರ 7 ಅಡಿ 3 ಇಂಚು. ತೂಕ 20 ಕೆ.ಜಿ. ಮಹಿಳೆಯರ ರಾಡ್ 2.01 ಮೀಟರ್, 15 ಕೆ.ಜಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಷ್ಟುದ್ದದ ಪಿವಿಸಿ ಪೈಪ್ ಕತ್ತರಿಸಿಕೊಳ್ಳಿ. ಎರಡೂ ತುದಿಗೆ 18 ಇಂಚು ಅಗಲದ ರಟ್ಟಿನ ಚಕ್ರ ಸಿಕ್ಕಿಸಿ. ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರ್, ಅದರ ಲೆಕ್ಕ ಇದು. ಇನ್ನು ಕಾವಡಿ ಹೊತ್ತವರ ಹಾಗೆ ಅದನ್ನು ಹೆಗಲಿಗಿಟ್ಟು ರೂಮಿನೊಳಗೆ ಓಡಾಡಿ. ಮನೆಯವರು ನಕ್ಕರೆ ನಗಲಿ.

ಕೂತು, ಎದ್ದು, ಮಲಗಿ, ತಲೆ ಮೇಲೆತ್ತಿ ನೋಡಿ. ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನೆಟ್‌ನಲ್ಲಿ ಸಿಗುವ ಯಾವ ನಕ್ಷೆಗಿಂತಲೂ ಈ ಗುರುತುಗಳು ನಂಬಿಕಸ್ಥ.

ಅಗಲ

ಪ್ಲೇಟನ್ನು ರಾಡಿನ ತುದಿಯಿಂದ ತೂರಿಸಬೇಕು, ಅಲ್ವಾ? ಅದಕ್ಕೆ ಪ್ರತಿ ತುದಿಯ ಆಚೆ ಒಂದೂವರೆ ಅಡಿ ಇರಲಿ, 2 ಅಡಿ ಸಿಕ್ಕರೆ ಸಲೀಸು. ಒಟ್ಟು ಲೆಕ್ಕ 10ರಿಂದ 11 ಅಡಿ ಬಂತು. 10 ಅಡಿಯ ರೂಮಿನಲ್ಲಿ ಸ್ವಲ್ಪ ಇಕ್ಕಟ್ಟಾದರೂ ನಡೆಯುತ್ತದೆ. 9 ಅಡಿಯಾದರೆ ದಿನವೂ ಗೋಡೆ ತರಚುತ್ತೀರಿ.

ಹಾಗಂತ 5 ಅಡಿಯ ರಾಡ್ ತಗೊಳ್ತೀನಿ ಅಂತ ಹೊರಡಬೇಡಿ. ಸಾಮಾನ್ಯ ರ್ಯಾಕಿನ ಎರಡು ಕಂಬಗಳ ಹೊರ ಅಗಲವೇ 4 ಅಡಿ ಆಸುಪಾಸು. ರಾಡಿನಲ್ಲಿ ಪ್ಲೇಟು ತಡೆಯುವ ಎರಡು ಕಾಲರ್‌ಗಳ ನಡುವಿನ ಜಾಗ ಅದಕ್ಕಿಂತ ಜಾಸ್ತಿ ಇರಬೇಕು. ದೊಡ್ಡ ರಾಡಿನಲ್ಲಿ ಅದು 1.31 ಮೀಟರ್. ಗಿಡ್ಡ ರಾಡುಗಳಲ್ಲಿ ಬಹಳಷ್ಟು ಕಡಿಮೆ ಇರುವುದರಿಂದ ರ್ಯಾಕಿನ ಮೇಲೆ ಕೂರುವುದೇ ಇಲ್ಲ. ಅಂಗಡಿಯವರನ್ನು ಕೇಳಬೇಕಾದ ಅಳತೆ ಇದೇ, ಒಟ್ಟು ಉದ್ದವಲ್ಲ.

ಉದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ರ್ಯಾಕಿಗೆ 4 ಅಡಿ, ಹೊರಗೆ ಚಾಚುವ ಬೆಂಚಿಗೆ 2 ಅಡಿ, ಓಡಾಡಲು 2 ಅಡಿ. 8 ಅಡಿ ಸಾಕು. ಬಾಗಿಲು ಒಳಕ್ಕೆ ತೆರೆಯುವುದಾದರೆ ಅದು ತಿರುಗುವ ಜಾಗವನ್ನೂ ನೆಲದ ಮೇಲೆ ಬರೆದುಕೊಳ್ಳಿ.

ಎತ್ತರ: ಫ್ಯಾನು ಮತ್ತು ಲಾಫ್ಟು

ನಮ್ಮ ಕಡೆ ಮನೆಗಳಲ್ಲಿ ಜಿಮ್ ಕೆಡುವುದು ಇಲ್ಲೇ. 5 ಅಡಿ 8 ಇಂಚಿನ ಮನುಷ್ಯ ಕೈ ಎತ್ತಿ ಮುಷ್ಟಿ ಹಿಡಿದರೆ ಸುಮಾರು 7 ಅಡಿ. ಅದರ ಮೇಲೆ ಪ್ಲೇಟಿನ ಅರ್ಧ, 9 ಇಂಚು. ಕಾಲಡಿಯ ಮ್ಯಾಟು, ಪ್ಲೈವುಡ್ಡು ಸೇರಿ ಇನ್ನೊಂದೆರಡು ಇಂಚು. ಹೆಚ್ಚುಕಮ್ಮಿ 8 ಅಡಿ ಆಯಿತು. ಸೂರು ಒಂಬತ್ತೂವರೆ ಅಡಿ ಇದ್ದರೂ ಫ್ಯಾನಿನ ರೆಕ್ಕೆ ಎಂಟು, ಎಂಟೂವರೆಯಲ್ಲೇ ತಿರುಗುತ್ತಿರುತ್ತದೆ! ಫ್ಯಾನ್ ಕಳಚಿ ಗೋಡೆ ಫ್ಯಾನ್ ಹಾಕಿಸಿ. ಇದರಲ್ಲಿ ಚೌಕಾಸಿ ಬೇಡ.

ಬೆಡ್‌ರೂಮುಗಳಲ್ಲಿ ಹಳೇ ಸೂಟ್‌ಕೇಸ್, ಗೊಂಬೆ ಹಬ್ಬದ ಡಬ್ಬ ಇಡುವ ಲಾಫ್ಟ್ ಇರುತ್ತದಲ್ಲ, ಅದು ಸಾಮಾನ್ಯವಾಗಿ ಬಾಗಿಲಿನ ಎತ್ತರಕ್ಕೇ, 7 ಅಡಿಗೇ ಬಂದು ನಿಂತಿರುತ್ತದೆ. ಅದರ ಕೆಳಗೆ ತಲೆ ಮೇಲೆ ಏನನ್ನೂ ಎತ್ತುವಂತಿಲ್ಲ. ಪ್ಲೇಟ್ ಸ್ಟ್ಯಾಂಡು, ಡಂಬೆಲ್‌ಗಳಿಗೆ ಆ ಜಾಗ ಬಿಟ್ಟುಕೊಡಿ. ಪುಲ್‌ಅಪ್ ಮಾಡುವವರು ರ್ಯಾಕಿನ ತುದಿಯಿಂದ ಸೂರಿಗೆ ಒಂದೂವರೆ ಅಡಿಯಾದರೂ ಇದೆಯೇ ನೋಡಿಕೊಳ್ಳಿ.

ನೆಲ

ಮಹಡಿ ಮನೆಯವರ ಮೊದಲ ಭಯ, ಸ್ಲ್ಯಾಬ್ ತಡೆಯುತ್ತದಾ ಅನ್ನುವುದು. ವಾಸದ ಮನೆಗಳ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಭಾರದ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ಗಟ್ಟಿಯಾದ ಆರ್‌ಸಿಸಿ ಕಟ್ಟಡದಲ್ಲಿ ರ್ಯಾಕು, 150 ಕೆ.ಜಿ. ಪ್ಲೇಟು, ನೀವು, ಇಷ್ಟು ಸುಮ್ನೆ ನಿಂತಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಭಾರವನ್ನು ರೂಮಿನ ನಟ್ಟನಡುವೆ ಗುಡ್ಡೆ ಹಾಕದೆ ಗೋಡೆ ಬದಿಗೆ ಹಂಚಿ. ತೊಂದರೆ ಕೊಡುವುದು ಎತ್ತಿ ಬಿಸಾಡುವ ಭಾರ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯ ಹಳೇ ಮನೆ, ಮರದ ಅಟ್ಟದ ಮನೆಯಾದರೆ ಎಂಜಿನಿಯರಿಗೆ ತೋರಿಸದೆ ಒಂದು ಪ್ಲೇಟನ್ನೂ ಮೇಲಕ್ಕೆ ಹೊರಬೇಡಿ.

ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟಿಗೆ 8ಕ್ಕೆ 4 ಅಡಿಯ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಶೀಟನ್ನು ರಾಡಿನ ಉದ್ದಕ್ಕೇ ಹಾಸಿ. ಪ್ಲೇಟು ಬೀಳುವ ಎರಡು ತುದಿಗೆ 2 ಅಡಿಯಷ್ಟು ರಬ್ಬರ್ ಹೊದಿಸಿ. ರಬ್ಬರಿಗೆ ಜಿಮ್ ಅಂಗಡಿಯೇ ಆಗಬೇಕೆಂದಿಲ್ಲ. ಹಸುವಿನ ಕೊಟ್ಟಿಗೆಗೆ ಹಾಸುವ ದಪ್ಪ ಮ್ಯಾಟು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೈನುಗಾರಿಕೆ ಸಾಮಾನು ಮಾರುವಲ್ಲಿ ವಿಚಾರಿಸಿ. ಮೊದಲ ಕೆಲವು ವಾರ ಟೈರ್ ಅಂಗಡಿಯ ವಾಸನೆ ಬರುತ್ತದೆ, ತೊಳೆದು ಬಿಸಿಲಿಗೆ ಹಾಕಿ. ಇಷ್ಟಾದರೂ ಕೆಳಗಿನ ಮನೆಯವರಿಗೆ ಬೆಳಗಿನ 5 ಗಂಟೆಯ ಸದ್ದು ಸದ್ದೇ. ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡಿ.

ರಾಡನ್ನು ನೆಲದಿಂದ ತಲೆ ಮೇಲಕ್ಕೆತ್ತುವ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಹುಚ್ಚಿದ್ದವರಿಗೆ ಮಾತ್ರ ಈ ಲೆಕ್ಕ ಸಾಲದು. ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದರಲ್ಲ, ಅಂಥ ಸ್ಪರ್ಧೆಯ ಅಂಕಣ 4 ಮೀಟರಿಗೆ 4 ಮೀಟರ್. ಮನೆಗೆ 8ಕ್ಕೆ 8 ಅಡಿ ಸಾಕಾದರೂ ರಾಡನ್ನು ಕೈಬಿಡಲೇಬೇಕಾಗುತ್ತದೆ. ಅದು ನೆಲಮಹಡಿಯ ಕೆಲಸ. ಕಾರು ನಿಲ್ಲಿಸುವ ಜಾಗ ಇದ್ದರೆ ಕಾರನ್ನು ಬೀದಿಗೆ ಹಾಕುವ ಬಗ್ಗೆ ಮನೆಯಲ್ಲಿ ಮಾತಾಡಿ ನೋಡಿ.

ಕೊನೆಗೆ, ಒಂದು ವಾರ ಕಾಯಿರಿ

ರ್ಯಾಕ್, ಬೆಂಚು, ರಾಡ್, ಪ್ಲೇಟ್ ಸ್ಟ್ಯಾಂಡು ಎಲ್ಲವನ್ನೂ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆದು ಒಂದು ವಾರ ಹಾಗೇ ಬಿಡಿ. ಅಷ್ಟರಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು ಗೆರೆಯೊಳಗೆ ಬಂದು ನಿಂತಿರುತ್ತದೆ. ಮೊದಲು ಅದಕ್ಕೆ ಬೇರೆ ಜಾಗ ಹುಡುಕಿ, ಆಮೇಲೆ ರ್ಯಾಕ್ ಆರ್ಡರ್ ಮಾಡಿ.